ಸುತ್ತಲೂ ಕಚ್ಚು ಬಿದ್ದ ಧೂಪದ ಮರಗಳು

ಆ ಇಳಿಜಾರಿನ ಧೂಪದ ಮರಗಳನ್ನು ಸುಟ್ಟು ಕೊಂದವಳು ನಾನು, ಅನು. ನಮ್ಮ ಆಳು ಜಡೆಯ ಅಲ್ಲ. ಅವನ ಹೆಸರು ಹೇಳಿ ಅವನ ಕೈ ಮುರಿಸಿದವಳೂ ನಾನೇ.

ನಿನಗೂ ನಿನ್ನ ತಮ್ಮನಿಗೂ ಕನ್ನಡ ಓದಲು ಬರುವುದಿಲ್ಲ. ಈ ಕಾಗದವನ್ನು ನಿಮ್ಮಮ್ಮ ಓದಿ ಹೇಳಬೇಕು. ಅವಳಿಗೂ ಇದು ಗೊತ್ತಿಲ್ಲ — ಓದುತ್ತ ಅವಳ ದನಿ ನಿಂತರೆ ಅವಸರ ಮಾಡಬೇಡಿ.

ಮೊನ್ನೆ ಪರದೇಶದ ಈ ಮನ್ರೋ ಊರಿನ ಮನೆಯ ಅಡುಗೆಮನೆಯಲ್ಲಿ ನೀನು ಲ್ಯಾಪ್‌ಟಾಪ್ ತಿರುಗಿಸಿ ನಿನ್ನ ಕಾಲೇಜಿನ ಕೆಲಸ ತೋರಿಸಿದೆ. ನಾನು ಸಂಸಾರ ಮಾಡಿದ ಬೆಟ್ಟದ ಕಾಡು. ರಜೆಯಲ್ಲಿ ನೀನೇ ಹೋಗಿ ಅಳೆದು ಬಂದದ್ದು. ಯಾವ ಜಾತಿಯ ಮರ ಎಷ್ಟು, ಎಲ್ಲಿ ಯಾವುದರ ಮೇಲುಗೈ.

"ಅಜ್ಜಿ, ಈ ಸ್ಲೋಪ್‌ನಲ್ಲಿ ನೇರಳೆ ಟೋಟಲೀ ಡಾಮಿನೆಂಟ್. ಧೂಪ ಒಂದೂ ಇಲ್ಲ. ನೆಕ್ಸ್ಟ್ ಸ್ಲೋಪ್‌ನಲ್ಲಿ ತುಂಬಾ ಇದೆ! ಸೋಲಿಗರು ಬರ್ನ್ ಮಾಡಿದ್ರು ಅಂತ ಕೆಳಗಿನ ಊರವ್ರು ಹೇಳಿದ್ರು. ಹಾಗೇ ಬರೀತಿದೀನಿ."

ನಾನು ನಿನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಅಷ್ಟೇ.

ನಿಮ್ಮ ತಾತ ಅಲ್ಲಿ ಧೂಪದ ಗುತ್ತಿಗೆ ಹಿಡಿದಿದ್ದರು. ಮರದ ತೊಗಟೆಗೆ ಕಚ್ಚು ಹಾಕಿ, ಬುಡದಲ್ಲಿ ಸಣ್ಣ ಬೆಂಕಿ ಮಾಡಿದರೆ ಧೂಪದ ಅಂಟು ಇಳಿಯುತ್ತದೆ. ಆ ಕೆಲಸ ಸೋಲಿಗರ ಜಡೆಯನದು. ನಿಮ್ಮ ತಾತನನ್ನು ಬುದ್ದಿ ಎಂದೂ ನನ್ನನ್ನು ಅವ್ವ ಎಂದೂ ಕರೆಯುತ್ತಿದ್ದ. ಒಂದೇ ಮಗ್ಗುಲಿಗೆ ಕಚ್ಚು ಹಾಕುತ್ತಿದ್ದ. "ಇನ್ನೊಂದ್ ಮಗ್ಗುಲು ಮರುಕ್ಕೆ ಕಣವ್ವ, ಅದೂ ಉಸ್ರಾಡ್ಬೇಕಲ್ಲ" ಎಂದು ನಗುತ್ತಿದ್ದ.

ಒಂದು ಬೇಸಿಗೆ ಅಂಟು ಸಾಲದೆ ನಿಮ್ಮ ತಾತ ನನ್ನ ಮೇಲೆ ಕೂಗಾಡಿ ಪೇಟೆಗೆ ಇಳಿದರು. ಬರುವುದರೊಳಗೆ ಅಂಟನ್ನು ಗುಡ್ಡೆ ಹಾಕಿ ತೋರಿಸುತ್ತೇನೆ — ಅದೇ ನನ್ನ ಹಟ. ಕೊಡಲಿ ಹಿಡಿದು ಮರಗಳ ಸುತ್ತಲೂ ತೊಗಟೆ ಕಡಿದೆ. ಸೌದೆ ಒಟ್ಟಿ ಬೆಂಕಿ ಇಟ್ಟೆ. ಅಂಟಿಗೇ ಹತ್ತಿಕೊಂಡಿತು. ಮರಗಳು ನಿಂತಲ್ಲೇ ಸಿಡಿದವು. ಉರಿಯುವ ಅಂಟು ಕಾಂಡದ ಮೇಲೆ ಹರಿಯಿತು. ಮೇಲೆ ಗೂಡುಗಳಿದ್ದವು...

ತಾತ ಬಂದು "ಯಾರೇ ಮಾಡಿದ್ದು?" ಎಂದರು.

"ಜಡೆಯ" ಎಂದೆ.

ಜೋರಾಗಿ ಮಾತಾಡಿದವಳಲ್ಲ ನಾನು. ಅದನ್ನೂ ಮೆಲ್ಲಗೇ ಹೇಳಿದೆ — ಸಾಕಾಯಿತು. ತಾತ ಅವನನ್ನು ಕರೆಸಿ ಅದೇ ಕೊಡಲಿಯ ಹಿಡಿಯಿಂದ ಹೊಡೆದರು. ಅಂಗಳದಲ್ಲಿ ಬಿದ್ದವನು ತಲೆಗೆ ಅಡ್ಡ ಹಿಡಿದ ಬಲಗೈ ಮೇಲೆ, ಮತ್ತೆ, ಮತ್ತೆ. ಮೂಳೆ ಮುರಿದದ್ದು ಹೊಸ್ತಿಲವರೆಗೆ ಕೇಳಿಸಿತು. ಬಾಯಲ್ಲಿ ರಕ್ತ ತುಂಬಿಕೊಂಡು ನನ್ನ ಕಡೆ ತಿರುಗಿದ. "ಅವ್ವಾ, ನೀನೇ ಯೋಳವ್ವಾ ಬುದ್ದೀರ್ಗೆ!"

ನನ್ನ ಅಂಗೈಯಲ್ಲಿ ಕೊಡಲಿ ಹಿಡಿದ ಬೊಬ್ಬೆಗಳಿದ್ದವು. ಅವನ ಕಣ್ಣು ಅಲ್ಲೇ ಇತ್ತು. ಕೈಯನ್ನು ಸೆರಗಿನೊಳಗೆ — ಒಳಗೆ ಹೋಗಿ ಕದ ಹಾಕಿಕೊಂಡೆ.

ಆ ಕೈ ಕೂಡಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅವನು ಬೆಟ್ಟ ಇಳಿದುಹೋದ. ಎಲ್ಲಿಗೆ ಎಂದು ನಾನು ಯಾರನ್ನೂ ಕೇಳಲಿಲ್ಲ. ತಾತ ಸಾಯುವವರೆಗೂ ಅವರಿಗೆ ನಿಜ ಹೇಳಲಿಲ್ಲ. ಅವರ ಫೋಟೋ ಮುಂದೆ ನಿಮ್ಮಮ್ಮ ಧೂಪ ಹಾಕಿದಾಗ ನಾನು ಗ್ಯಾರೇಜಿಗೆ ಹೋಗಿ ನಿಲ್ಲುತ್ತೇನೆ. ಅಜ್ಜಿಗೆ ಹೊಗೆ ಆಗದು ಎಂದುಕೊಂಡಿದ್ದೀರಿ.

ಗಂಡನ ಭಯವಿತ್ತು. ಅದು ನೆಪವಾಗಲಾರದು, ಜಡೆಯನಿಗೂ ಭಯವಿತ್ತು.

ಅನು, ಸೋಲಿಗರು ಸುಟ್ಟರೆಂಬ ಸಾಲನ್ನು ಹೊಡೆದು ಹಾಕು. ಅಲ್ಲಿ ನನ್ನ ಹೆಸರು ಬರೆ. ಅಜ್ಜಿ ಎಂದಲ್ಲ — ಪುಟ್ಟತಾಯಮ್ಮ ಎಂದು.