ಯಾರದೋ ಶ್ರುತಿಯಲ್ಲಿ

ಕಳೆದ ವಾರ ಶಿವಾಜಿನಗರದ ಗ್ರಂಧಿಗೆ ಅಂಗಡಿಯಲ್ಲಿ ಯಾರಿಗೋ ಜೇಷ್ಠಮಧು ಕುಟ್ಟಿಕೊಡುತ್ತಿದ್ದರು. ಆ ಸಿಹಿ ಬೇರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಠ ಮುಗಿದ ಮೇಲೆ ಗಂಟಲಿಗೆಂದು ಅದರ ತುಂಡು ಕೈಗಿಡುತ್ತಿದ್ದ ಪಾಟ್ಟು ಮಿಸ್ ನೆನಪಾದರು... ಬಂದ ಕೆಲಸ ಮರೆತು ನಿಂತುಬಿಟ್ಟೆ.

ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ತಮಿಳರೂ ಕನ್ನಡದವರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು; ತಮಿಳಲ್ಲಿ ಪಾಟ್ಟು ಎಂದರೆ ಹಾಡು. ಸಂಗೀತದ ಟೀಚರು, ಆದರೆ ಹಾಡುತ್ತಿರಲಿಲ್ಲ. ದನಿ ಒಡೆದುಹೋಗಿತ್ತು, ಸ್ವರವನ್ನೆಲ್ಲ ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸುತ್ತಿದ್ದರು. ಹಾಡಲು ಬಾರದವರು ಕಲಿಸುವುದೇನು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬೀಳುತ್ತಿತ್ತು.

ನಾನಾಗ ಮದುವೆ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡುತ್ತಿದ್ದೆ. ಮನೆ ನಡೆಯುತ್ತಿದ್ದದ್ದೇ ಅದರಿಂದ. ಆರ್ಕೆಸ್ಟ್ರಾದವರದ್ದು ಒಂದೇ ಹಟ: ರೆಕಾರ್ಡಿನಲ್ಲಿರುವ ಶ್ರುತಿಯಲ್ಲೇ ಹಾಡಬೇಕು, ಇಳಿಸಿದರೆ ಮರ್ಯಾದೆ ಹೋಯಿತು. ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿತು. ಒಳಗೆ ಗಂಟಾಗಿದೆ, ಹೀಗೇ ಹಾಡಿದರೆ ದನಿಯೇ ಹೋಗುತ್ತದೆ ಎಂದರು ಡಾಕ್ಟರು. ಬೇರೆ ದಾರಿ ಕಾಣದೆ ಮಿಸ್ ಮನೆಗೆ ಹೋದೆ. ಸರಿಗಮದ ಮೊದಲ ಪಾಠವಾದ ಸರಳೆಯಿಂದಲೇ ಶುರು ಮಾಡಬೇಕು ಎಂದರು.

"ಸಿನಿಮಾ ಹಾಡೋಳಿಗೆ ಸರಳೆ ಯಾಕೆ ಮಿಸ್?"

"ಹಾಡು ಯಾವ್ದಾದ್ರೂ ಆಗ್ಲಿ, ಗಂಟ್ಲು ಒಂದೇ ಅಲ್ವೇನೆ?"

ಮೊದಲು ಡಾಕ್ಟರು ಹೇಳಿದಷ್ಟು ದಿನ ಬಾಯಿ ಮುಚ್ಚಿಸಿ ಕೂರಿಸಿದರು. ಆಮೇಲೆ ನಾನು ಮಾತಾಡುವುದನ್ನು ಕೇಳುತ್ತಾ, ಹಾರ್ಮೋನಿಯಂನ ಒಂದೊಂದೇ ಕೀ ಒತ್ತಿ ನೋಡಿ, ಇದು ನಿನ್ನ ಶ್ರುತಿ ಎಂದರು. ಅದರಲ್ಲೇ ತಗ್ಗಿನ ಮಂದ್ರ ಸ್ವರದಿಂದ 'ಆ' ಎಂದು ಎಳೆಯುವ ಅಕಾರ, ಸರಳೆ, ಹೊಟ್ಟೆಯಿಂದ ಉಸಿರು. ನನ್ನ ಕತ್ತಿನ ನರ ಉಬ್ಬಿದರೆ ಹಾರ್ಮೋನಿಯಂ ನಿಲ್ಲುತ್ತಿತ್ತು. ಬೇಸರದಿಂದ ಅತ್ತದ್ದೂ ಉಂಟು. ದನಿ ಮೆಲ್ಲಗೆ ಮರಳಿತು.

ಕೆ.ಆರ್. ಪುರದ ಆರತಕ್ಷತೆಯೊಂದರಲ್ಲಿ ಮತ್ತೆ ವೇದಿಕೆ ಹತ್ತಿದೆ. ಕೀಬೋರ್ಡ್ ನುಡಿಸುತ್ತಿದ್ದ ತಂಡದ ಯಜಮಾನರಿಗೆ ಶ್ರುತಿ ಇಳಿಸಿ ಎಂದು ಕೇಳಿಕೊಂಡೆ.

"ಆಗಲ್ಲ ಸಿಸ್ಟರ್. ಒರಿಜಿನಲ್ ಪಿಚ್‌ಗೆ ಹಾಡೋಕಾಗ್ದಿದ್ರೆ ಹೇಳಿ, ನಾಳೆಯಿಂದ ಬೇರೆಯವ್ರನ್ನ ಕರೀತೀನಿ."

ಹಾಡಿಗೆ ಮುಂಚಿನ ಸಂಗೀತ ಶುರುವಾಯಿತು. ನಾನು ಮೈಕ್ ಹಿಡಿದು ಸುಮ್ಮನೆ ನಿಂತೆ. ಸಂಗೀತ ಮುಗಿದು ಮತ್ತೆ ಮೊದಲಿಂದ ಬಂತು. ಆಗಲೂ ಬಾಯಿ ತೆರೆಯಲಿಲ್ಲ. ಮದುಮಕ್ಕಳು ತಿರುಗಿ ನೋಡಿದರು. ಕೆಲಸ ಹೋಯಿತೆಂದೇ ಅಂದುಕೊಂಡೆ. ಕೊನೆಗೆ ಯಜಮಾನರು ಹಲ್ಲು ಕಡಿಯುತ್ತ ಶ್ರುತಿ ಇಳಿಸಿದರು. ಹಾಡಿದೆ. ಉಸಿರು ಕೊನೆಯವರೆಗೂ ನಿಂತಿತು. ಮದುವೆ ಮನೆಯಲ್ಲಿ ಊಟಕ್ಕೆ ಮೊದಲ ಮರ್ಯಾದೆ; ಶ್ರುತಿ ಇಳಿದದ್ದು ಒಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ಮಿಸ್‌ಗೆ ಎಲ್ಲ ಹೇಳಿದೆ. ಹೇಗೆ ಹಾಡಿದೆ ಎಂದು ಅವರು ಕೇಳಲೇ ಇಲ್ಲ.

"ಇಳ್ಸಿ ಅಂತ ಬಾಯ್ಬಿಟ್ಟು ಕೇಳ್ದ್ಯಾ?"

"ಕೇಳ್ದೆ ಮಿಸ್."

ಮಿಸ್ ಹಾರ್ಮೋನಿಯಂ ಮುಚ್ಚಿ ಪಕ್ಕಕ್ಕಿಟ್ಟರು. "ನಮ್ಮ ಗುರುಗಳು ಗಂಡಸ್ರು. ನಂಗೆ ಒಗ್ಗದ ಅವ್ರ ಶ್ರುತೀಲೇ ಹಾಡಿ ಹಾಡಿ ನನ್ ಗಂಟ್ಲು ಹೋಯ್ತು. ಬದ್ಲಾಯ್ಸಿ ಅಂತ ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ ಕಣೆ."

ಮಿಸ್ ತೀರಿಹೋಗಿ ವರ್ಷಗಳಾದವು... ಈಗ ಇಂದಿರಾನಗರದಲ್ಲಿ ನಾನೂ ಪಾಠ ಹೇಳುತ್ತೇನೆ. ರಾಕ್, ಗಜಲ್, ಸಿನಿಮಾ ಹಾಡುವ ಮಕ್ಕಳು ಬರುತ್ತಾರೆ. ಮೊದಲು ಅವರವರ ಶ್ರುತಿ ಹುಡುಕಿ ಸರಳೆಗೆ ಕೂರಿಸುತ್ತೇನೆ. ನಿಮ್ಮ ಮಿಸ್ ಚಿಕ್ಕವರಿದ್ದಾಗ ಹೇಗೆ ಹಾಡುತ್ತಿದ್ದರು ಎಂದು ಮೊನ್ನೆ ಒಬ್ಬಳು ಕೇಳಿದಳು. ನನಗೆ ಗೊತ್ತಿಲ್ಲ. ಆ ದನಿ ಕೇಳಿದವರು ಯಾರೂ ಈಗ ಉಳಿದಿಲ್ಲ.