ಬಂಕಿನ ಸಾಹೇಬರ ಮೂಗು

ಬಂಕಿನ ಸಾಹೇಬರ ಮೂಗಿನ ತುದಿ ಸದಾ ಕೆಂಪಗೆ, ಸಿಪ್ಪೆ ಎದ್ದಂತೆ ಇರುತ್ತಿತ್ತು. ಸಕಲೇಶಪುರದಲ್ಲಿ ಅವರದೊಂದು ಪುಟ್ಟ ಪೆಟ್ರೋಲ್ ಬಂಕು. ಲಾರಿಯಲ್ಲಿ ಬಂದ ಪೀಪಾಯಿಗಳನ್ನು ತಗಡಿನ ಶೆಡ್ಡಿನೊಳಗಿಟ್ಟು, ಒಂದೊಂದರ ಮುಚ್ಚಳ ತೆಗೆದು, ಮುಖವಿಟ್ಟು ಮೂಸುತ್ತಿದ್ದರು. ಸೀಮೆಎಣ್ಣೆ ಬೆರೆತಿದೆ ಎನಿಸಿದರೆ ಆ ಪೀಪಾಯಿ ವಾಪಸ್. "ನಮ್ಮನ್ನ ನಂಬ್ಕೊಂಡು ಜನ ಘಾಟಿ ಹತ್ತುತಾರೆ ಕಣೋ" ಎನ್ನುತ್ತಿದ್ದರು.

ಅರವತ್ತರ ದಶಕದಲ್ಲಿ ನಾನು ವನಗೂರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದೆ. ಬೇರೆಲ್ಲೂ ಪೆಟ್ರೋಲ್ ಹಾಕಿಸಿದವನಲ್ಲ. ಒಂದು ಮಧ್ಯಾಹ್ನ ಏರಿನ ನಡುವೆ ಎಂಜಿನ್ ಬಡಿದುಕೊಳ್ಳತೊಡಗಿ, ಮುಕ್ಕರಿಸಿ ನಿಂತೇಹೋಯಿತು. ಬ್ರೇಕು ಹಿಡಿಯುವಷ್ಟರಲ್ಲಿ ಜೀಪು ಹಿಂದಕ್ಕೆ ಜಾರಿ, ಗುಡ್ಡ ಕಡಿದ ದರೆಗೆ ಆನಿಕೊಂಡಿತು. ಆಚೆ ಬದಿ ಆಳದ ಕಣಿವೆ. ಒಳಗೆ ಮಕ್ಕಳಿದ್ದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಟ್ಯಾಂಕಿಗೆ ಬಟ್ಟೆ ಅದ್ದಿ ಮೂಸಿದರೆ ಸೀಮೆಎಣ್ಣೆಯ ಘಾಟು.

ಸಿಟ್ಟಿನಲ್ಲಿ ಬಂಕಿಗೆ ಬಂದು ಆ ಬಟ್ಟೆಯನ್ನು ಸಾಹೇಬರ ಮುಂದೆ ಹಿಡಿದೆ. ಮೂಸಿದರು. ಮತ್ತೊಮ್ಮೆ ಮೂಸಿದರು. ಜೀಪಿನಲ್ಲಿ ಯಾರ್ಯಾರಿದ್ದರೆಂದು ಕೇಳಿದರು. ಹೇಳಿದಾಗ ಅಲ್ಲೇ ಕಲ್ಲಿನ ಮೇಲೆ ಕುಳಿತರು.

"ಏನೂ ಗೊತ್ತಾಗ್ತಾ ಇಲ್ಲ ಮಾರಾಯ. ಮೂಗು ಸತ್ತೋಗೈತೆ. ಮಳೆಗಾಲದಿಂದ್ಲೂ ಹಿಂಗೇ. ಸರಿಹೋಗ್ತದೆ ಅಂತ ಸುಮ್ಕಿದ್ದೆ."

ನನ್ನ ಸಿಟ್ಟು ಇಳಿದುಹೋಯಿತು. ಡಾಕ್ಟರ ಬಳಿಗೆ ನಾನೇ ಕರೆದೊಯ್ದೆ. ಮುಚ್ಚಿದ ಶೆಡ್ಡಿನಲ್ಲಿ ವರ್ಷಗಟ್ಟಲೆ ಪೆಟ್ರೋಲಿನ ಆವಿ ಎಳೆದುಕೊಂಡದ್ದರ ಫಲವಿರಬಹುದು, ದಿನವೂ ಬರುವ ತಲೆನೋವು, ತಲೆಸುತ್ತೂ ಅದರದ್ದೇ ಎಂದರು ಡಾಕ್ಟರು. ಮೂಗು ಮರಳುವ ಭರವಸೆ ಕೊಡಲಿಲ್ಲ. ಸಾಹೇಬರು ಮರುದಿನ ಬಂಕು ತೆರೆಯಲಿಲ್ಲ. ಅದೇ ಪೀಪಾಯಿಯಿಂದ ತುಂಬಿಸಿಕೊಂಡವರನ್ನೆಲ್ಲ ಹೆತ್ತೂರಿನವರೆಗೂ ಹುಡುಕಿಕೊಂಡು ಹೋಗಿ ತಾವೇ ತಿಳಿಸಿದರು.

ಅವರ ಹೆಂಡತಿಗೆ ಮೊದಲೇ ಅನುಮಾನವಿತ್ತಂತೆ. ಸೀದ ಸಾರನ್ನೂ ಸಾಹೇಬರು ಚೆನ್ನಾಗಿದೆಯೆಂದು ಉಂಡು ಏಳುತ್ತಿದ್ದರಂತೆ. ಅಂದಿನಿಂದ ಲಾರಿ ಬಂದಾಗಲೆಲ್ಲ ಆಕೆ ಬಂಕಿಗೆ ಬರತೊಡಗಿದರು. ಹೆಂಗಸು ಬಂಕಿಗೆ ಬರುವುದೇ ಎಂದು ಊರು ಏನೇನೋ ಆಡಿಕೊಂಡಿತು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಳಿಯಾಡಲೆಂದು ಸಾಹೇಬರು ಶೆಡ್ಡಿನ ಎರಡು ಬದಿಯ ತಗಡು ಕೀಳಿಸಿದರು. ಹೆಂಡತಿಯನ್ನು ಮಾತ್ರ ಪೀಪಾಯಿಯ ಹತ್ತಿರ ಬಿಟ್ಟವರಲ್ಲ. ತಾವೇ ಬಟ್ಟೆಯ ತುದಿಗೆ ಒಂದು ತೊಟ್ಟು ತಾಗಿಸಿ, ಬಯಲಿಗೆ ತಂದು, ದೂರದಿಂದ ಹಿಡಿಯುತ್ತಿದ್ದರು. ಆಕೆ ಮೂಸಿ, ಸರಿಯೆಂದು ತಲೆಯಾಡಿಸಿದರೆ ಮಾತ್ರ ನಮಗೆ ಪೆಟ್ರೋಲ್. ಆಮೇಲೆ ನನ್ನ ಜೀಪು ಏರಿನಲ್ಲಿ ಹಾಗೆ ನಿಂತದ್ದಿಲ್ಲ.

ಸಾಹೇಬರು ತೀರಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆ ನೋಡಲು ಹೋಗಿದ್ದೆ. ಮೊದಲ ಮಳೆ ಬಿದ್ದು ಸುತ್ತಲೂ ಕಾಫಿ ಹೂವಾಗಿತ್ತು. ಆಕೆ ಒಂದು ರೆಂಬೆ ತಂದು ಮಂಚದ ಬಳಿ ಇಟ್ಟಿದ್ದರು. ಮನೆಮಾತು ಬೇರೆಯಾದರೂ ನಾನಿದ್ದೇನೆಂದು ಸಾಹೇಬರು ಹೆಂಡತಿಯನ್ನು ಕನ್ನಡದಲ್ಲೇ ಕೇಳಿದರು, "ಹೆಂಗೈತೆ ಈ ಸಲ?"

ಆಕೆ ಹೂವಿಗೆ ಬಾಗಿ ಮತ್ತೆ ಮತ್ತೆ ಮೂಸಿದರು. "ಮಲ್ಲಿಗೆ ತರಾನೇ. ಆದ್ರೆ ಅದಕ್ಕಿಂತ ತಣ್ಣಗೈತೆ."

ಸಾಹೇಬರು ಕಣ್ಣು ಮುಚ್ಚಿದರು. "ಹೂಂ," ಎಂದರು, "ಹಂಗೇ ಇರ್ತಿತ್ತು."