ಡ್ರೈಯರಿಗೆ ಸುತ್ತಿದ ಸೇವಂತಿಗೆ

ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ನನ್ನದು ಬಿಸಿನೀರಿನ ತೊಟ್ಟಿಯ ಕೆಲಸ. ಬೆಂದ ಗೂಡಿನಿಂದ ಎಳೆ ಹುಡುಕಿ ಕೊಡಬೇಕು. ಬೆರಳ ತುದಿ ಸದಾ ಬೆಳ್ಳಗೆ ನೆನೆದು ಸೀಳಿರುತ್ತಿತ್ತು. ಅದಕ್ಕೇ ಹೋದ ವರ್ಷ ಧಣಿ ಗೂಡು ಒಣಗಿಸುವ ಹೊಸ ಡ್ರೈಯರ್ ತಂದಾಗ, ಅದರ ಕಾವು ನೋಡಿ ಬರೆಯುವ ಕೆಲಸ ನನಗೇ ಕೊಡಿ ಎಂದು ಕೇಳಿಬಿಟ್ಟೆ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಬರುತ್ತದೆ. ಮೊದಲ ಸಲದ ಗೂಡು ಕೆಡದೆ ಬಂದರೆ ಕೆಲಸ ನಿನ್ನದು, ಕೆಟ್ಟರೆ ತೊಟ್ಟಿಗೇ ವಾಪಸ್ಸು ಎಂದರು ಧಣಿ.

ಕಾವು ಸಾಲದಿದ್ದರೆ ಒಳಗಿನ ಹುಳ ಸಾಯದೆ, ಚಿಟ್ಟೆಯಾಗಿ ಗೂಡು ಕೊರೆಯುತ್ತದೆ. ಹೆಚ್ಚಾದರೆ ಎಳೆ ಸುಟ್ಟು ತುಂಡಾಗುತ್ತದೆ.

ಹೊಸ ಯಂತ್ರಕ್ಕೆ ಪೂಜೆಯಿಲ್ಲದೆ ಬೆಂಕಿ ಹಾಕುವ ಮಾತೇ ಇಲ್ಲ. ಧಣಿಯೇ ಬಾಗಿಲು ತೆಗೆದು, ಒಳಗೆ ಚಾಚಿಕೊಂಡಿದ್ದ ಕಡ್ಡಿಗೆ ನೀರು ಚಿಮುಕಿಸಿದ ಸೇವಂತಿಗೆ ಹಾರ ಸುತ್ತಿದರು. ಗೂಡಿನ ತಟ್ಟೆಗಳನ್ನು ಒಳಗಿಟ್ಟು ಬಾಗಿಲು ಹಾಕಿದೆವು. ಕಾವು ಅಳೆದು ಹೊರಗಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ತೋರಿಸುವುದು ಆ ಕಡ್ಡಿಯೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ನನಗೋ ಮೈಯೆಲ್ಲ ಕಣ್ಣು. ಕುರ್ಚಿ ಇದ್ದರೂ ಕೂರಲಾಗಲಿಲ್ಲ. ಅಂಕಿ ಏರಿದಾಗಲೆಲ್ಲ ಗೋಡೆಯ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಲವತ್ತು, ಐವತ್ತು, ಅರವತ್ತು. ನೂರು ಮುಟ್ಟಬೇಕು.

ಡ್ರೈಯರಿನ ಒಲೆ ಉರಿಸುವ ಮುದುಕ ಹಲ್ಲು ಕಿರಿದ. "ಏನಕ್ಕೋ, ಎಸ್ಸೆಲ್ಸಿ ಪರೀಕ್ಸೆ ಬರೀತಾ ಇದ್ದೀಯಾ?"

"ನೀನು ಸೌದೆ ಆಕು ತಾತ. ಫೇಲಾದ್ರೆ ನಿನ್ನಿಂದ್ಲೇ ಆಗೋದು."

ಅಂಕಿ ಅರವತ್ತೆರಡಕ್ಕೆ ಬಂದು ನಿಂತೇಬಿಟ್ಟಿತು. ಧಣಿ ಇನ್ನೂ ಸೌದೆ ತುಂಬು ಎಂದರು. ಮುದುಕ ತುಂಬಿದ. ಅಂಕಿ ಅಲ್ಲಾಡಲಿಲ್ಲ. ತೊಟ್ಟಿಯೇ ನನಗೆ ಗತಿ ಅಂದುಕೊಂಡೆ. ಆದರೆ ಬಾಗಿಲ ಹತ್ತಿರ ಬಗ್ಗಿದರೆ ಮುಖ ಕಾದ ಹೆಂಚಿಗೆ ಇಟ್ಟ ಹಾಗಾಯಿತು. ಮುದುಕ ಮೂಗು ಅರಳಿಸಿದ.

"ಒಳಗೆ ಊವಿನ ಸಾರು ಕಾಯಿಸ್ತಾ ಇದ್ದೀಯೇನಕ್ಕ?"

ಆಗ ನನಗೆ ಹೊಳೆಯಿತು. "ಸಾ, ಕಾವು ನೋಡೋ ಕಡ್ಡಿಗೇ ಒದ್ದೆ ಊವ ಸುತ್ತುಬುಟ್ಟಿದ್ದೀವಿ ಕಣ್ರಿ. ಅದುಕ್ಕೇ ಅಂಕಿ ಏರ್ತಿಲ್ಲ."

ಧಣಿ ಕೈಗೆ ಗೋಣಿ ಸುತ್ತಿಕೊಂಡು ಬಾಗಿಲೆಳೆದರು. ಹಾರ ಹಬೆಯಾಡುತ್ತಿತ್ತು. ಅದನ್ನು ಕೊಕ್ಕೆಯಿಂದ ಕಿತ್ತು ಬಾಗಿಲು ಮುಚ್ಚಿದ್ದೇ ತಡ, ಅಂಕಿ ಎದ್ದು ನೂರು ದಾಟಿ ಓಡಿತು. ಎಲ್ಲರೂ ಬಿದ್ದು ಎದ್ದು ಒಲೆಯ ಸೌದೆ ಹೊರಕ್ಕೆಳೆದೆವು.

ಗೂಡು ಉಳಿದಿದೆಯೋ ಇಲ್ಲವೋ? ಒಂದು ಹಿಡಿ ತಂದು ನನ್ನ ಹಳೆಯ ತೊಟ್ಟಿಗೇ ಹಾಕಿದೆ. ಬೆರಳಾಡಿಸಿ ಎಳೆ ಹುಡುಕಿದೆ. ಸಿಕ್ಕಿತು. ರಾಟೆಗೆ ಕೊಟ್ಟೆವು. ತುಂಡಾಗದೆ ಸುತ್ತಿತು, ಸುತ್ತುತ್ತಲೇ ಇತ್ತು, ಗೂಡು ಸವೆದು ಒಳಗಿನ ಸತ್ತ ಹುಳ ಕಾಣುವ ತನಕ.

"ನಾಳೆಯಿಂದ ಪೆಟ್ಟಿಗೆ ಮುಂದೇ ಕೂತ್ಕಳವ್ವ," ಎಂದರು ಧಣಿ.

ನಾನು ಹಲಗೆಯ ಮೇಲಿನ ತಪ್ಪು ಅಂಕಿ ಅಳಿಸಲು ಹೋದೆ. ಬೇಡ, ಇರಲಿ, ಯಾಕೆ ತಪ್ಪಿತು ಎಂದು ಪಕ್ಕದಲ್ಲಿ ಬರೆ ಎಂದರು. ಅಷ್ಟು ಅಕ್ಷರ ನನಗೆಲ್ಲಿ ಬರಬೇಕು? ಅರವತ್ತೆರಡರ ಪಕ್ಕ ಒಂದು ಸೇವಂತಿಗೆ ಬಿಡಿಸಿದೆ.